ಯಾರ ಸೊತ್ತೂ ಅಲ್ಲದ ಒಂದು ರಂಧ್ರ

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಈ ವೇದಿಕೆಯಿಂದ ತಾವು ಗಡಿ, ನದಿನೀರು, ಕನ್ನಡ ಶಾಲೆ, ಶಾಸ್ತ್ರೀಯ ಭಾಷೆಯ ಸ್ಥಾನಮಾನ ಮೊದಲಾದ ದೊಡ್ಡ ವಿಷಯಗಳ ಮೇಲೆ ದೊಡ್ಡವರ ಮಾತು ಕೇಳಿದ್ದೀರಿ. ಇಂದು ನಾನು ಆರಿಸಿಕೊಂಡಿರುವ ವಿಷಯದ ಅಳತೆ ಮೂರೂವರೆ ಮಿಲಿಮೀಟರು. ಮೊಬೈಲ್ ಫೋನಿನ ಅಂಚಿನಲ್ಲಿ ಇಯರ್‌ಫೋನಿನ ಕಡ್ಡಿಯನ್ನು ಚುಚ್ಚುವುದಕ್ಕೆಂದು ಇರುತ್ತಿದ್ದ ದುಂಡನೆಯ ರಂಧ್ರ, ಅಂದರೆ ಹೆಡ್‌ಫೋನ್ ಜಾಕ್, ಈಗಿನ ದುಬಾರಿ ಫೋನುಗಳಿಂದ ಬಹುಮಟ್ಟಿಗೆ ಕಾಣೆಯಾಗಿದೆ. ಅಗ್ಗದ ಫೋನುಗಳಲ್ಲೂ ಕಡಿಮೆಯಾಗುತ್ತ ಬಂದಿದೆ. ವಿಷಯ ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು, “ಅಲ್ರೀ, ಒಂದು ತೂತಿನ ಮ್ಯಾಲ ನಲವತ್ತು ನಿಮಿಷ ಏನ್ ಮಾತಾಡ್ತೀರಿ?” ಎಂದು ನಕ್ಕರು. ಅವರ ನಗೆ ಸಹಜವಾದದ್ದೇ. ಆದರೆ ನನ್ನ ಉದ್ಯೋಗ ಕೇಂದ್ರ ಸರ್ಕಾರದ ಲೆಕ್ಕಪತ್ರದ್ದು. ದೊಡ್ಡ ಮೊತ್ತಗಳನ್ನು ಎಲ್ಲರೂ ನೋಡುತ್ತಾರೆ; ಸಣ್ಣ ಬಾಬ್ತುಗಳಲ್ಲಿ ಸೋರಿಹೋದದ್ದನ್ನು ಹುಡುಕುವುದು ನಮ್ಮ ಕಸುಬು. ಯಾವುದೇ ಕಡತ ಮೇಜಿಗೆ ಬಂದರೆ ನಾವು ಕೇಳುವುದು ಮೂರೇ ಪ್ರಶ್ನೆ: ಇದನ್ನು ಮಂಜೂರು ಮಾಡಿದವರು ಯಾರು? ದಾಖಲಾದ ಕಾರಣವೇನು? ಖರ್ಚು ಯಾರ ಲೆಕ್ಕಕ್ಕೆ ಬಿತ್ತು? ಈ ಮೂರು ಪ್ರಶ್ನೆಗಳನ್ನು ಈ ಸಣ್ಣ ರಂಧ್ರಕ್ಕೂ ಹಾಕಿ ನೋಡೋಣ ಎಂಬುದಷ್ಟೇ ನನ್ನ ಉದ್ದೇಶ.

ಮೊದಲು ಅದರ ವಂಶವೃಕ್ಷವನ್ನು ಹೇಳಬೇಕು. ಈ ಕಡ್ಡಿ ಮತ್ತು ರಂಧ್ರದ ಜೋಡಿ ಸಂಗೀತಕ್ಕಾಗಿ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡಿಗಾಗಿ ಹುಟ್ಟಿದ್ದು. ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ಆರಂಭವಾದದ್ದು 1878ರಲ್ಲಿ. ನಮ್ಮ ದೇಶದಲ್ಲಿ 1882ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. ಕಾಲು ಅಂಗುಲ ದಪ್ಪದ, ಅಂದರೆ 6.35 ಮಿಲಿಮೀಟರಿನ ಕಡ್ಡಿಯನ್ನು ಆಪರೇಟರು ಒಂದು ರಂಧ್ರದಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಸೇರುತ್ತಿತ್ತು. ಈ ಸಭೆಯಲ್ಲಿರುವ ಹಿರಿಯರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಅಂಚೆ ಕಚೇರಿಯ ಬೆಂಚಿನ ಮೇಲೆ ತಾಸುಗಟ್ಟಲೆ ಕಾದ ದಿನಗಳು ನೆನಪಿರಬಹುದು. ಧಾರವಾಡದ ತಾಯಿಯ ದನಿ, ಉಡುಪಿಯ ಅಣ್ಣನ ದನಿ ಕೊನೆಗೊಮ್ಮೆ ತಮ್ಮನ್ನು ಮುಟ್ಟಿದ್ದು ಇಂತಹ ಒಂದು ಕಡ್ಡಿಯ ಮೂಲಕವೇ. ಮುಂದೆ ಟ್ರಾನ್ಸಿಸ್ಟರ್ ರೇಡಿಯೋ ಬಂದಾಗ ಕಡ್ಡಿ ಕಿರಿದಾಗಿ ಮೂರೂವರೆ ಮಿಲಿಮೀಟರಿಗೆ ಇಳಿಯಿತು. 1979ರಲ್ಲಿ ಸೋನಿ ಕಂಪನಿ ವಾಕ್‌ಮನ್ ತಂದಾಗ ಇಬ್ಬರು ಕೂಡಿ ಕೇಳಲೆಂದು ಅದಕ್ಕೆ ಎರಡು ರಂಧ್ರಗಳನ್ನಿಟ್ಟಿತ್ತು. ಅಲ್ಲಿಂದ ಮುಂದೆ ಟೇಪ್‌ರೆಕಾರ್ಡರು, ಸಿಡಿ, ಗಣಕ, ವಿಮಾನದ ಆಸನ, ಮೊಬೈಲು, ಹೀಗೆ ದನಿ ಇರುವ ಕಡೆಯೆಲ್ಲ ಅದು ನೆಲೆಸಿತು.

ಈ ಜೋಡಿಯ ಹಿರಿಮೆ ಇರುವುದು ಅದರ ಸರಳತೆಯಲ್ಲಿ. ಕಡ್ಡಿಯ ತುದಿಯಲ್ಲಿ ಎಡಗಿವಿಯ ವಿದ್ಯುತ್ತು, ನಡುವಿನ ಉಂಗುರದಲ್ಲಿ ಬಲಗಿವಿಯದು, ಬುಡದಲ್ಲಿ ಹಿಂತಿರುಗುವ ದಾರಿ. ಮುಂದೆ ಮೈಕಿಗೆಂದು ಇನ್ನೊಂದು ಉಂಗುರ ಸೇರಿತು, ಅಷ್ಟೆ. ಫೋನಿನೊಳಗೆ ಅಂಕಿಗಳ ರೂಪದಲ್ಲಿರುವ ಹಾಡನ್ನು ಒಂದು ಸಣ್ಣ ಚಿಪ್ಪು ಏರಿಳಿಯುವ ವಿದ್ಯುತ್ತನ್ನಾಗಿ ಮಾಡುತ್ತದೆ. ತಂತಿ ಅದನ್ನು ಒಯ್ಯುತ್ತದೆ. ಕಿವಿಯಲ್ಲಿರುವ ಸುರುಳಿ ಅದಕ್ಕೆ ತಕ್ಕಂತೆ ಒಂದು ತೆಳುಪೊರೆಯನ್ನು ಅಲುಗಿಸುತ್ತದೆ. ಇದಕ್ಕೆ ಬ್ಯಾಟರಿ ಬೇಡ, ತಂತ್ರಾಂಶ ಬೇಡ, ನೋಂದಣಿ ಬೇಡ. ಜಪಾನಿನ ಯಂತ್ರಕ್ಕೆ ಜರ್ಮನಿಯ ಹೆಡ್‌ಫೋನನ್ನೂ, ಅದಕ್ಕೇ ಇಲ್ಲಿನ ಬುಧವಾರ ಪೇಟೆಯ ಅಂಗಡಿಯಲ್ಲಿ ನೂರು ರೂಪಾಯಿಗೆ ಕೊಂಡ ಇಯರ್‌ಫೋನನ್ನೂ ಚುಚ್ಚಬಹುದಾಗಿತ್ತು. ಚುಚ್ಚಿದ್ದು ಯಾವ ಕಂಪನಿಯದೆಂದು ಯಂತ್ರ ಕೇಳುತ್ತಿರಲಿಲ್ಲ. ಅದು ಯಾರ ಸೊತ್ತೂ ಅಲ್ಲವಾದುದರಿಂದಲೇ ಎಲ್ಲರ ಸೊತ್ತಾಗಿತ್ತು. ಊರ ನಡುವಿನ ಸಾರ್ವಜನಿಕ ಬಾವಿಗೆ ಹಗ್ಗ ಇಳಿಬಿಡಲು ಯಾರ ಅಪ್ಪಣೆಯೂ ಬೇಕಿಲ್ಲದಂತೆ.

ಇನ್ನು ಮೊದಲ ಪ್ರಶ್ನೆ: ಮಂಜೂರು ಮಾಡಿದವರು ಯಾರು? ಫೋನನ್ನು ತೆಳ್ಳಗೆ ಮಾಡುವ ಹುರುಪಿನಲ್ಲಿ ಚೀನಾದ ಒಪ್ಪೋ ಕಂಪನಿ 2014ರಲ್ಲೇ ಒಂದು ಮಾದರಿಯಲ್ಲಿ ಇದನ್ನು ಕೈಬಿಟ್ಟಿತ್ತು. 2016ರಲ್ಲಿ ಮೋಟೋ ಝಡ್ ಕೈಬಿಟ್ಟಿತು. ಆದರೆ ಲೋಕದ ಗಮನ ಸೆಳೆದದ್ದು ಆಪಲ್ ಕಂಪನಿ. 2016ರ ಸೆಪ್ಟೆಂಬರ್ 7ರಂದು ಐಫೋನ್ 7ನ್ನು ಬಿಡುಗಡೆ ಮಾಡುತ್ತ ಅದರ ಅಧಿಕಾರಿ ಫಿಲ್ ಶಿಲ್ಲರ್ ಅವರು ಈ ನಿರ್ಧಾರದ ಕಾರಣವನ್ನು ಒಂದೇ ಪದದಲ್ಲಿ ಹೇಳಿದರು: ಧೈರ್ಯ. ಅದೇ ವೇದಿಕೆಯಲ್ಲಿ, ಅದೇ ದಿನ, 159 ಡಾಲರ್ ಬೆಲೆಯ ತಂತಿರಹಿತ ಏರ್‌ಪಾಡ್‌ಗಳನ್ನೂ ಪ್ರಕಟಿಸಲಾಯಿತು. ಹಳೆಯ ಸೇತುವೆಯನ್ನು ಕೆಡವಿದ ದಿನವೇ ದೋಣಿಯ ಟಿಕೆಟ್ ಮಾರಾಟಕ್ಕೆ ಬಂದರೆ ಅದನ್ನು ಧೈರ್ಯವೆನ್ನಬೇಕೆ, ವ್ಯಾಪಾರವೆನ್ನಬೇಕೆ ಎಂಬುದನ್ನು ತಮಗೇ ಬಿಡುತ್ತೇನೆ.

ಉಳಿದವರು ಮೊದಲು ಅಣಕಿಸಿದರು, ಬಳಿಕ ಹಿಂಬಾಲಿಸಿದರು. 2016ರ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ ಜಾಕ್ ಇದೆಯೆಂದು ಕುಟುಕಿದ ಗೂಗಲ್, 2017ರ ಪಿಕ್ಸೆಲ್ 2ರಲ್ಲಿ ಅದನ್ನು ತೆಗೆಯಿತು. ಜಾಹೀರಾತುಗಳಲ್ಲಿ ಹಾಸ್ಯ ಮಾಡಿದ್ದ ಸ್ಯಾಮ್‌ಸಂಗ್ 2019ರ ಗ್ಯಾಲಕ್ಸಿ ನೋಟ್ 10ರಲ್ಲಿ ತೆಗೆಯಿತು. ಒನ್‌ಪ್ಲಸ್ 2018ರಲ್ಲಿ ತೆಗೆಯಿತು. ಬಳಕೆದಾರರ ಯಾವ ಸಭೆಯೂ ಕೂಡಲಿಲ್ಲ, ಯಾವ ಮಾನಕ ಸಂಸ್ಥೆಯೂ ನಿರ್ಣಯ ಮಾಡಲಿಲ್ಲ, ಯಾವ ಸರ್ಕಾರವನ್ನೂ ಕೇಳಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಬಾಳಿದ ಒಂದು ಸಾರ್ವಜನಿಕ ಏರ್ಪಾಡು ಬೆರಳೆಣಿಕೆಯ ಕಂಪನಿಗಳ ಒಳಕೋಣೆಗಳಲ್ಲಿ ರದ್ದಾಯಿತು.

ಎರಡನೆಯ ಪ್ರಶ್ನೆ, ದಾಖಲಾದ ಕಾರಣ. ಒಳಗಿನ ಜಾಗ ಉಳಿಯುತ್ತದೆ, ದೊಡ್ಡ ಬ್ಯಾಟರಿ ಕೂಡಿಸಬಹುದು, ನೀರು ಹೊಗುವುದಿಲ್ಲ, ತಂತಿಯ ಕಾಲ ಮುಗಿಯಿತು ಎಂಬವು ಅವರು ಕೊಟ್ಟ ಕಾರಣಗಳು. ಜಾಗದ ಮಾತಿನಲ್ಲಿ ಸತ್ಯಾಂಶವಿದೆ. ಬೆರಳಗಲದ ಯಂತ್ರದಲ್ಲಿ ಪ್ರತಿಯೊಂದು ಮಿಲಿಮೀಟರಿಗೂ ಬೆಲೆಯಿದೆ. ಆದರೆ ನೀರಿನ ಮಾತು ನಿಲ್ಲುವುದಿಲ್ಲ. ಅದೇ 2016ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7ರಲ್ಲಿ ಜಾಕ್ ಇತ್ತು. ಅದರ ಜಲನಿರೋಧದ ದರ್ಜೆ ಐಪಿ68. ಜಾಕ್ ತೆಗೆದ ಐಫೋನ್ 7ರದು ಐಪಿ67. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 2018ರಲ್ಲಿ ತನ್ನ ಮೇಲ್ದರ್ಜೆಯ ಫೋನಿನಿಂದ ಜಾಕ್ ತೆಗೆದಿದ್ದ ಸೋನಿ, 2020ರ ಎಕ್ಸ್‌ಪೀರಿಯಾ 1 ಮಾರ್ಕ್ 2ರಲ್ಲಿ ಅದನ್ನು ಮರಳಿ ತಂದಿತು. ಇತ್ತ ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್ ಲ್ಯಾಪ್‌ಟಾಪುಗಳಲ್ಲಿ ಜಾಕನ್ನು ಇಂದಿಗೂ ಉಳಿಸಿಕೊಂಡಿದೆ. 2021ರ ಮಾದರಿಯಲ್ಲಿ ಅದನ್ನು ಉತ್ತಮಪಡಿಸಿದ್ದೇವೆಂದೂ ಹೇಳಿಕೊಂಡಿತು. ಸಂಗೀತ ಮತ್ತು ಚಲನಚಿತ್ರದ ವೃತ್ತಿಪರರು ಆ ಯಂತ್ರವನ್ನು ಕೊಳ್ಳುತ್ತಾರೆ. ಅವರು ಕೇಳಿದರೆ ರಂಧ್ರ ಉಳಿಯುತ್ತದೆ. ಅಂದಮೇಲೆ ತೀರ್ಮಾನವಾದದ್ದು ತಂತ್ರಜ್ಞಾನದ ಅನಿವಾರ್ಯತೆಯಿಂದಲ್ಲ. ಯಾರ ದನಿಗೆ ಬೆಲೆಯಿದೆ ಎಂಬುದರ ಮೇಲೆ.

ಮೂರನೆಯ ಪ್ರಶ್ನೆಯಲ್ಲಿ ನನಗೆ ಹೆಚ್ಚಿನ ಆಸಕ್ತಿ: ಖರ್ಚು ಯಾರ ಲೆಕ್ಕಕ್ಕೆ ಬಿತ್ತು? ಐಫೋನ್ 7ರ ಪೆಟ್ಟಿಗೆಯಲ್ಲಿ ಹಳೆಯ ಇಯರ್‌ಫೋನನ್ನು ಹೊಂದಿಸಲು ಗೇಣುದ್ದದ ಅಡಾಪ್ಟರ್ ಒಂದನ್ನು ಉಚಿತವಾಗಿ ಇಟ್ಟಿದ್ದರು. ಬೇರೆಯಾಗಿ ಕೊಂಡರೆ 9 ಡಾಲರ್. 2018ರಿಂದ ಪೆಟ್ಟಿಗೆಯಲ್ಲಿ ಅಡಾಪ್ಟರ್ ಇಡುವುದು ನಿಂತಿತು. 2020ರಲ್ಲಿ ಇಯರ್‌ಫೋನೂ ನಿಂತಿತು. ಹೊಸ ‘ಲೈಟ್ನಿಂಗ್’ ಕೊಂಡಿಯ ಇಯರ್‌ಫೋನ್ ಕೊಂಡವರ ಗತಿಯೇನಾಯಿತು? ಆ ಕೊಂಡಿ ಕಂಪನಿಯ ಖಾಸಗಿ ಸೊತ್ತು. ಬೇರೆಯವರು ಅದಕ್ಕೆ ಹೊಂದುವ ವಸ್ತು ತಯಾರಿಸಲು ಪರವಾನಗಿ ಪಡೆಯಬೇಕಾಗಿತ್ತು. ಎಲ್ಲ ಫೋನುಗಳಿಗೂ ಒಂದೇ ಬಗೆಯ ಚಾರ್ಜರ್ ಇರಬೇಕೆಂದು ಯುರೋಪಿಯನ್ ಒಕ್ಕೂಟ 2022ರಲ್ಲಿ ಕಾನೂನು ಮಾಡಿದ ಮೇಲೆ, 2023ರ ಐಫೋನ್ 15ರಲ್ಲಿ ಅದೂ ಹೋಗಿ ಯುಎಸ್‌ಬಿ ಟೈಪ್-ಸಿ ಬಂದಿತು. ಏಳು ವರ್ಷಗಳಲ್ಲಿ ಬಳಕೆದಾರ ಎರಡು ಸಲ ಹಳೆಯದನ್ನು ಮೂಲೆಗೆಸೆದ.

ಪುಣೆಯಲ್ಲಿ ಬಹುಕಾಲದಿಂದಿರುವ ತಮಗೆ ಈ ಅಡಾಪ್ಟರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಾಪ್ಟರ್ ಎಂದರೆ ನಮ್ಮ ಹಳೆಯ ಮಿರಜ್ ಸ್ಟೇಷನ್! ಪುಣೆಯಿಂದ ಮಿರಜಿನವರೆಗೆ 1676 ಮಿಲಿಮೀಟರಿನ ಬ್ರಾಡ್‌ಗೇಜು; ಅಲ್ಲಿಂದ ಬೆಳಗಾವಿ, ಹುಬ್ಬಳ್ಳಿಯ ಕಡೆಗೆ 1000 ಮಿಲಿಮೀಟರಿನ ಮೀಟರ್‌ಗೇಜು. ಟ್ರಂಕು, ಹಾಸಿಗೆಸುರುಳಿ, ಮಕ್ಕಳು, ನೀರಿನ ಕೂಜೆ ಎಲ್ಲವನ್ನೂ ಇಳಿಸಿ ಇನ್ನೊಂದು ಗಾಡಿಗೆ ಹತ್ತಿಸಬೇಕಾಗಿತ್ತು. ತೊಂಬತ್ತರ ದಶಕದಲ್ಲಿ ಗೇಜು ಒಂದಾದಾಗ ಆ ಸಂಕಟ ತಪ್ಪಿತು. ರೈಲ್ವೆಯಲ್ಲಿ ನಾವು ಎರಡನ್ನು ಒಂದು ಮಾಡಿದೆವು. ಫೋನಿನಲ್ಲಿ ಇವರು ಒಂದಾಗಿದ್ದುದನ್ನು ಹಲವು ಮಾಡಿದರು.

ಟೈಪ್-ಸಿ ಎಲ್ಲರಿಗೂ ಸಾಮಾನ್ಯವಲ್ಲವೆ, ಅದರಲ್ಲೇ ಇಯರ್‌ಫೋನ್ ಚುಚ್ಚಬಹುದಲ್ಲ ಎಂದು ತಾವು ಕೇಳಬಹುದು. ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಫೋನುಗಳು ಆ ರಂಧ್ರದ ಮೂಲಕ ಸಿದ್ಧವಾದ ದನಿಯ ವಿದ್ಯುತ್ತನ್ನೇ ಹೊರಗೆ ಕಳಿಸುತ್ತವೆ. ಕೆಲವು ಬರಿಯ ಅಂಕಿಗಳನ್ನು ಕಳಿಸಿ, ಅವನ್ನು ದನಿಯಾಗಿಸುವ ಚಿಪ್ಪು ಅಡಾಪ್ಟರಿನಲ್ಲೇ ಇರಬೇಕೆನ್ನುತ್ತವೆ. ಆದ್ದರಿಂದ ಒಂದು ಫೋನಿನಲ್ಲಿ ಹಾಡಿದ ಅಡಾಪ್ಟರ್ ಇನ್ನೊಂದರಲ್ಲಿ ಮೂಕವಾಗುವುದುಂಟು. ಹೊರಗಿನ ಆಕಾರ ಒಂದೇ, ಒಳಗಿನ ಒಪ್ಪಂದ ಬೇರೆ. ಮೇಲಾಗಿ ಚಾರ್ಜ್ ಆಗುವಾಗ ಕೇಳುವಂತಿಲ್ಲ, ಕೇಳುವಾಗ ಚಾರ್ಜ್ ಮಾಡುವಂತಿಲ್ಲ. ಎರಡಕ್ಕೂ ಇರುವುದು ಒಂದೇ ಬಾಗಿಲು.

ತಂತಿರಹಿತ ಇಯರ್‌ಫೋನುಗಳ ಅನುಕೂಲವನ್ನು ನಾನು ಅಲ್ಲಗಳೆಯುವವನಲ್ಲ. ವಾಕಿಂಗ್ ಹೋಗುವವರಿಗೆ, ಬಸ್ಸಿನ ನೂಕುನುಗ್ಗಲಿನಲ್ಲಿ ನಿಂತವರಿಗೆ ಅವು ಸುಖಕರ. ಬೆಲೆಯೂ ಇಳಿದಿದೆ; ಇಂದು ಸಾವಿರ ರೂಪಾಯಿಯೊಳಗೂ ದೊರೆಯುತ್ತವೆ. ಆದರೆ ಆ ಜೋಡಿಯಲ್ಲಿ ಮೂರು ಬ್ಯಾಟರಿಗಳಿರುತ್ತವೆ: ಎರಡು ಕಿವಿಗಳಿಗೆ ಎರಡು, ಡಬ್ಬಿಗೆ ಒಂದು. ಗುಂಡಿಯ ಗಾತ್ರದ ಆ ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ. ಹೆಚ್ಚಿನವು ಅಂಟು ಹಾಕಿ ಮುಚ್ಚಿದವಾದುದರಿಂದ ಬ್ಯಾಟರಿ ಬದಲಾಯಿಸುವುದು ದುಸ್ತರ. ತಂತಿಯ ಇಯರ್‌ಫೋನ್ ಕೆಟ್ಟರೆ ಬೀದಿಬದಿಯ ರಿಪೇರಿಯವನು ಕಡ್ಡಿ ಕತ್ತರಿಸಿ ಹೊಸ ಕಡ್ಡಿಗೆ ಬೆಸುಗೆ ಹಾಕಿಕೊಡುತ್ತಿದ್ದ. ಈಗ ಅವನ ಕೈಗೂ ಕೆಲಸವಿಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿಯನ್ನೂ ರಚಿಸಿತು. ಒಂದು ಕೈಯಿಂದ ಕಸ ಕಡಿಮೆ ಮಾಡಿರೆಂದು ಹೇಳುತ್ತ, ರಿಪೇರಿಯಾಗದ ವಸ್ತು ಅನಿವಾರ್ಯವಾಗುವುದನ್ನು ಸುಮ್ಮನೆ ನೋಡುವುದು ಹೇಗೆ ಸರಿಯಾದೀತು? ಕಣ್ಣಿಲ್ಲದವರ ತೊಂದರೆಯೂ ಬೇರೆ. ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು ಅವರು ನೆಚ್ಚಿಕೊಂಡಿರುತ್ತಾರೆ. ಬ್ಲೂಟೂತ್‌ನಲ್ಲಿ ದನಿಯನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಹಾಡು ಕೇಳುವವರಿಗೆ ಇದು ತಿಳಿಯದು. ಬೆರಳು ಮುಟ್ಟಿದೊಡನೆ ಅಕ್ಷರ ಕೇಳಿಸಬೇಕಾದವರಿಗೆ ಪ್ರತಿ ಅಕ್ಷರಕ್ಕೂ ಒಂದು ತೊಡಕು.

ಈಗ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ. ನಾವು ಪರಸ್ಥಳದವರು ಊರಿನ ಹಿರಿಯರಿಗೆ ಕಳಿಸಿಕೊಡುವ ವಸ್ತುಗಳಲ್ಲಿ ಇಂದು ಮೊದಲನೆಯದು ಫೋನು. ಹಾಸನದ ಬಳಿಯ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಅವಳ ಮಗ ಹೊಸ ಫೋನೊಂದನ್ನು ತಂದುಕೊಟ್ಟ. ಹಳೆಯ ಫೋನಿನಲ್ಲಿ ಅಕ್ಕ ಇಯರ್‌ಫೋನನ್ನು ಚುಚ್ಚಿ, ಅದರ ತಂತಿಯನ್ನು ಅಡಿಗೆಮನೆಯ ಕಿಟಕಿಯ ಸರಳಿಗೆ ಸುತ್ತಿ, ದನಿಯನ್ನು ಸ್ಪೀಕರಿಗೆ ಬಿಟ್ಟು, ಹಾಸನ ಆಕಾಶವಾಣಿಯನ್ನು ಕೇಳುತ್ತಿದ್ದಳು. ಹೊಸ ಫೋನಿನಲ್ಲಿ ಜಾಕೂ ಇಲ್ಲ, ರೇಡಿಯೋವೂ ಇಲ್ಲ. “ಫೋನೇನೋ ಚೆನ್ನಾಗಿದೆ ಕಣೋ, ಆದ್ರೆ ಇದಕ್ಕೆ ಕಿವೀನೇ ಇಲ್ವಲ್ಲೋ” ಎಂದಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಎಫ್‌ಎಂ ಪ್ರಸಾರ ನಡೆಯುವುದು ಸುಮಾರು 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅದರ ಅಲೆಯುದ್ದ ಸುಮಾರು 3 ಮೀಟರು. ಅದನ್ನು ಹಿಡಿಯಲು ಅಲೆಯುದ್ದದ ಕಾಲುಭಾಗ, ಅಂದರೆ ಸುಮಾರು 75 ಸೆಂಟಿಮೀಟರಿನ ತಂತಿ ಬೇಕು. ಅಂಗೈಯಗಲದ ಫೋನಿನಲ್ಲಿ ಅಷ್ಟು ಉದ್ದಕ್ಕೆ ಜಾಗವೆಲ್ಲಿ? ಮೀಟರುದ್ದದ ಇಯರ್‌ಫೋನಿನ ತಂತಿಯೇ ಆಂಟೆನಾ ಆಗಿ ದುಡಿಯುತ್ತಿತ್ತು. ರಂಧ್ರ ಮುಚ್ಚಿದಾಗ ಕಿವಿಗೆ ಹೋಗುವ ದಾರಿಯ ಜೊತೆಗೆ ಆಕಾಶದಿಂದ ಬರುವ ದಾರಿಯೂ ಮುಚ್ಚಿತು.

ನಾವು ಪುಣೆಯಲ್ಲಿ ಕುಳಿತು ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಕನ್ನಡ ಕೇಂದ್ರಗಳನ್ನು ಕೇಳುತ್ತೇವೆ. ಅದು ನಮಗೆ ವರವೇ. ಅಕ್ಕನೂ ಹಾಗೆಯೇ ಕೇಳಲಿ ಎನ್ನುವವರಿದ್ದಾರೆ. ಆದರೆ ಅದಕ್ಕೆ ಡೇಟಾ ಬೇಕು, ಟವರ್ ನಡೆಯುತ್ತಿರಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಎಷ್ಟೋ ಊರುಗಳಿಗೆ ವಿದ್ಯುತ್ತೂ ಇರಲಿಲ್ಲ, ಫೋನಿನ ಸಂಪರ್ಕವೂ ಇರಲಿಲ್ಲ. ಅಂತಹ ಹೊತ್ತಿನಲ್ಲಿ ದೂರದ ಒಂದೇ ಪ್ರಸಾರ ಸ್ತಂಭದಿಂದ ಇಡೀ ಜಿಲ್ಲೆಗೆ ಸುದ್ದಿ ಮುಟ್ಟಿಸಬಲ್ಲದ್ದು ಬಾನುಲಿಯೇ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲಿನಲ್ಲಿ ಫೋನ್ ತಯಾರಕರ ಸಂಘಗಳಿಗೆ ಸಲಹಾಪತ್ರ ಬರೆಯಿತು: ಎಫ್‌ಎಂ ಸೌಕರ್ಯವಿರುವ ಫೋನುಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಾರದು, ಇಲ್ಲದಿರುವಲ್ಲಿ ಸೇರಿಸಬಹುದು. ಅದೇ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸಹ, ಅಗತ್ಯ ಯಂತ್ರಾಂಶವಿರುವ ಫೋನುಗಳಲ್ಲಿ ಎಫ್‌ಎಂ ಕಡ್ಡಾಯವಾಗಿ ನಡೆಯುವಂತಿರಬೇಕೆಂದು ಶಿಫಾರಸು ಮಾಡಿತು. ಸರ್ಕಾರಿ ಭಾಷೆಯೊಂದಿಗೆ ಬಾಳಿದವನಾಗಿ ತಮ್ಮ ಗಮನವನ್ನು ಎರಡು ಪದಗಳ ಕಡೆಗೆ ಸೆಳೆಯುತ್ತೇನೆ: ‘ಇರುವಲ್ಲಿ’ ಮತ್ತು ‘ಸೇರಿಸಬಹುದು’. ಯಂತ್ರಾಂಶ ಇರುವಲ್ಲಿ ಉಳಿಸಿಕೊಳ್ಳಿರಿ ಎಂದರೆ, ಯಂತ್ರಾಂಶವನ್ನೇ ತೆಗೆದವನಿಗೆ ಬಾಧ್ಯತೆ ಉಳಿಯುವುದಿಲ್ಲ. ಇದನ್ನು ಕೊರತೆಯೆಂದು ಹೇಳುವುದು ನಿಂದೆಯಲ್ಲ. ಕಡತವನ್ನು ಓದುವ ಕ್ರಮ.

ಕಾಲದೊಂದಿಗೆ ವಸ್ತುಗಳು ಹೋಗುತ್ತವೆ, ಕ್ಯಾಸೆಟ್ ಹೋಗಲಿಲ್ಲವೆ, ಫ್ಲಾಪಿ ಹೋಗಲಿಲ್ಲವೆ ಎಂಬ ಆಕ್ಷೇಪಣೆಗೆ ನನ್ನ ಉತ್ತರ ಇಷ್ಟೆ. ಕ್ಯಾಸೆಟ್ ಹೋದದ್ದು ಅದಕ್ಕಿಂತ ಉತ್ತಮವೂ ಅಗ್ಗವೂ ಆದದ್ದು ಬಂದು ಜನ ಅದನ್ನು ಬಿಟ್ಟುದರಿಂದ. ಜಾಕನ್ನು ಜನ ಬಿಡಲಿಲ್ಲ, ಜನರಿಂದ ಬಿಡಿಸಲಾಯಿತು. ಎರಡೂ ದಾರಿಗಳು ಅಕ್ಕಪಕ್ಕದಲ್ಲಿರಲು ಅಡ್ಡಿಯಿರಲಿಲ್ಲ. ನಮ್ಮ ಕಚೇರಿಗಳಲ್ಲಿ ಟೆಂಡರು ಕರೆಯುವಾಗ ಒಂದೇ ಕಂಪನಿಯ ವಸ್ತುವಿಗೆ ಹೊಂದುವಂತೆ ವಿವರಣೆ ಬರೆದರೆ ಲೆಕ್ಕಪರಿಶೋಧಕರು ಕೆಂಪು ಶಾಯಿ ಎಳೆಯುತ್ತಾರೆ. 2017ರ ಸಾಮಾನ್ಯ ಹಣಕಾಸು ನಿಯಮಗಳು ವಿವರಣೆ ವಿಶಾಲವಾಗಿರಬೇಕೆಂದು ಹೇಳುವುದು ಆ ಕಾರಣಕ್ಕೆ. ಸರ್ಕಾರದ ಖಜಾನೆಗೆ ಇರುವ ಈ ರಕ್ಷಣೆ ಸಾಮಾನ್ಯ ಮನುಷ್ಯನ ಜೇಬಿಗಿಲ್ಲ.

ಕನ್ನಡ ಸಂಘದಲ್ಲಿ ಈ ಮಾತನ್ನೇಕೆ ಆಡಬೇಕೆಂದರೆ, ಸಾಮಾನ್ಯ ಮಾನಕದ ಬೆಲೆಯನ್ನು ನಮ್ಮಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಗಣಕದಲ್ಲಿ ಕನ್ನಡ ಅಚ್ಚು ಜೋಡಣೆ ಆರಂಭವಾದ ದಿನಗಳನ್ನು ನಮ್ಮ ಪತ್ರಿಕೆಯ ಹಿಂದಿನ ಸಂಪಾದಕರು ಬಲ್ಲರು. ಪ್ರತಿ ತಂತ್ರಾಂಶದವರದೂ ತಮ್ಮದೇ ಸಂಕೇತ. ಒಬ್ಬರ ಫಾಂಟಿನಲ್ಲಿ ‘ಕ’ ಎಂದಿದ್ದ ಅಂಕಿ ಇನ್ನೊಬ್ಬರ ಫಾಂಟಿನಲ್ಲಿ ಒತ್ತಕ್ಷರ. ಇಲ್ಲಿ ಬೆರಳಚ್ಚು ಮಾಡಿ ಬೆಂಗಳೂರಿನ ಮುದ್ರಣಾಲಯಕ್ಕೆ ಕಳಿಸಿದ ಲೇಖನ ಅಲ್ಲಿ ತೆರೆದಾಗ ಯಾವ ಭಾಷೆಯೂ ಅಲ್ಲದ ಚಿಹ್ನೆಗಳ ರಾಶಿ. ಅಕ್ಷರ ನಮ್ಮದು, ಕೀಲಿಕೈ ಮಾರಾಟಗಾರನದು. ಯಾವ ಕಂಪನಿಯ ಸೊತ್ತೂ ಅಲ್ಲದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು; ಅದು ಬಳಕೆಗೆ ಇಳಿದ ಮೇಲೆ ಪುಣೆಯಲ್ಲಿ ಬರೆದದ್ದನ್ನು ಹಾಸನದಲ್ಲಿ, ದೆಹಲಿಯಲ್ಲಿ, ಯಾವ ಕಂಪನಿಯ ಫೋನಿನಲ್ಲಾದರೂ ಓದುವಂತಾಯಿತು. ಎಲ್ಲರಿಗೂ ಒಂದೇ ಬಾಗಿಲಿದ್ದಾಗ ಅಲ್ಪಸಂಖ್ಯಾತನೂ ತಲೆ ಬಗ್ಗಿಸದೆ ಒಳಗೆ ಹೋಗುತ್ತಾನೆ. ಮನೆಗೊಂದು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ ಎಂದಾದಾಗ ಮೊದಲು ಹೊರಗುಳಿಯುವವನು ಅವನೇ. ಪರರಾಜ್ಯದಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಇದು ಪುಸ್ತಕದ ಮಾತಲ್ಲ.

ಮಾಡಬಹುದಾದುದೇನು? ಪೂರ್ತಿ ಹಿಂದಕ್ಕೆ ಹೋಗಿರೆಂದು ನಾನು ಹೇಳುತ್ತಿಲ್ಲ. ಮೂರು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಒಂದು, ಊರಿನ ಹಿರಿಯರಿಗೆ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಎಂದು ಕೇಳುವ ಮೊದಲು ಜಾಕ್ ಇದೆಯೆ, ಎಫ್‌ಎಂ ಇದೆಯೆ ಎಂದು ಕೇಳಿರಿ. ಎರಡೂ ಇರುವ ಫೋನುಗಳು ಕಡಿಮೆ ಬೆಲೆಯ ಸಾಲಿನಲ್ಲಿ ಈಗಲೂ ಇವೆ. ಅಂಗಡಿಯವನಿಗೆ ಹತ್ತು ಜನ ಕೇಳಿದ ಪ್ರಶ್ನೆ ಕಂಪನಿಗೆ ಮುಟ್ಟದೆ ಇರದು. ಎರಡು, ಟ್ರಾಯ್ ತನ್ನ ಸಮಾಲೋಚನಾ ಪತ್ರಗಳನ್ನು, ಭಾರತೀಯ ಮಾನಕ ಬ್ಯೂರೋ ತನ್ನ ಕರಡು ಮಾನಕಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆಂದು ಪ್ರಕಟಿಸುತ್ತವೆ. ಟೈಪ್-ಸಿಗೆ ನಮ್ಮಲ್ಲೂ ಮಾನಕವಿದೆ. ಅದರಲ್ಲಿ ದನಿ ಹೊರಡುವ ಕ್ರಮವೂ ಎಲ್ಲ ಫೋನುಗಳಲ್ಲಿ ಒಂದೇ ಆಗಿರಲಿ ಎಂದು ನಾವೇಕೆ ಬರೆಯಬಾರದು? ಗಡಿಯ ಬಗ್ಗೆ ಮನವಿ ಬರೆದು ಪಳಗಿದ ಕೈಗಳು ನಮ್ಮಲ್ಲಿವೆ. ಮೂರು, ವಿಪತ್ತಿನ ಹೊತ್ತಿಗೆ ಬೇಕಾಗುವ ರೇಡಿಯೋ ‘ಇರುವಲ್ಲಿ’ ಎಂಬ ಪದದ ಹಿಂದೆ ಅಡಗಿಕೊಳ್ಳದಂತೆ, ನಿಗದಿತ ಬೆಲೆಯೊಳಗಿನ ಫೋನುಗಳಿಗಾದರೂ ಅದನ್ನು ಕಡ್ಡಾಯ ಮಾಡಬೇಕೆಂದು ಈ ಸಂಘದಿಂದ ಒಂದು ನಿರ್ಣಯ ಹೋಗಲಿ. ಇದು ಅಧಿಕಾರಿಯಾಗಿ ಅಲ್ಲ, ಸಂಘದ ಸದಸ್ಯನಾಗಿ ನಾನು ಮಾಡುವ ಸೂಚನೆ.

ಕಂಪನಿಗಳು ಲಾಭ ನೋಡುವುದು ಅವುಗಳ ಧರ್ಮ. ಅದಕ್ಕಾಗಿ ನಾನು ಅವುಗಳನ್ನು ಬೈಯುವುದಿಲ್ಲ. ಸಾರ್ವಜನಿಕವಾದದ್ದನ್ನು ಕಾಯುವುದು ಸಾರ್ವಜನಿಕರ ಧರ್ಮ. ಆ ಧರ್ಮವನ್ನು ನಾವು ಮರೆತಾಗ ಮಾತ್ರ ಬಾವಿಗಳು ಸದ್ದಿಲ್ಲದೆ ಮುಚ್ಚಿಹೋಗುತ್ತವೆ. ಮುಂದಿನ ಸಲ ಮುಚ್ಚುವುದು ಮೂರೂವರೆ ಮಿಲಿಮೀಟರಿನದೇ ಆಗಿರಬೇಕೆಂದಿಲ್ಲ.